ಮೂವತ್ತು ವ್ಯಾಟಿನ ಮೇಷ್ಟ್ರು

ಇಡೀ ದೇಶದ ರೇಡಿಯೋಗೆ ಆಕಾಶವಾಣಿ ಅಂತ ಹೆಸರು ಬರೋದಕ್ಕೆ ಎಷ್ಟೋ ವರ್ಷ ಮೊದಲೇ ಮೈಸೂರಿನ ಒಂದು ಮನೆಯಲ್ಲಿ ಆ ಹೆಸರಿತ್ತು. ಮನೆಯ ಯಜಮಾನರು ಎಂ. ವಿ. ಗೋಪಾಲಸ್ವಾಮಿ. ಅವರೇನು ನಮ್ಮ ಹಾಗೆ ಇಸಿ ಬ್ರಾಂಚಿನವರಲ್ಲ, ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರದ ಮೇಷ್ಟ್ರು. ಲಂಡನ್ನಿನಲ್ಲಿ ಸ್ಪಿಯರ್‌ಮನ್ ಅವರ ಬಳಿ ಡಾಕ್ಟರೇಟ್ ಮಾಡಿ ಬಂದು, 1924ರಲ್ಲಿ ಮೈಸೂರಿನಲ್ಲಿ ಮನಃಶಾಸ್ತ್ರ ವಿಭಾಗ ಕಟ್ಟಿದವರು.

1935ರ ಸೆಪ್ಟೆಂಬರ್ 10ರಂದು ತಮ್ಮ ಮನೆ ವಿಠ್ಠಲ ವಿಹಾರದಿಂದಲೇ 30 ವ್ಯಾಟಿನ ಟ್ರಾನ್ಸ್‌ಮಿಟರ್ ಇಟ್ಟು ಪ್ರಸಾರ ಶುರು ಮಾಡಿದರು. 30 ವ್ಯಾಟ್ ಅಂದ್ರೆ ನಮ್ಮ ಹಾಸ್ಟೆಲಿನ ಹಳೇ ಫ್ಯಾನ್ ಎಳೆಯೋ ಕರೆಂಟಿನಲ್ಲಿ ಅರ್ಧವೂ ಇಲ್ಲ! ಮೊದಲ ದಿನ ಕುವೆಂಪು ಕವಿತೆ ಓದಿದರು. ಆಕಾಶವಾಣಿ ಅನ್ನೋ ಹೆಸರಿಟ್ಟವರು ಗೋಪಾಲಸ್ವಾಮಿಯವರೇ ಅಂತ ಕೆಲವರು, ಜೊತೆಗಿದ್ದ ನಾ. ಕಸ್ತೂರಿ ಅಂತ ಕೆಲವರು ಹೇಳ್ತಾರೆ.

ಕಷ್ಟ ಇದ್ದದ್ದು ದುಡ್ಡಿನಲ್ಲಿ. ಕೇಳೋದು ಊರೆಲ್ಲ, ಖರ್ಚು ಒಬ್ಬ ಮೇಷ್ಟ್ರದು. ಈ ಲೆಕ್ಕ ಕುಂದಲಹಳ್ಳಿಯ ಪಿಜಿಗಳಲ್ಲಿರೋ ನಮಗೂ ಅರ್ಥವಾಗುತ್ತೆ. ಮೊಬೈಲ್ ಡೇಟಾದಲ್ಲಿ ನಮಗೇ ಅಂತ ಪಬ್ಲಿಕ್ ಐಪಿ ಸಾಮಾನ್ಯವಾಗಿ ಸಿಗಲ್ಲ, ನೂರಾರು ಜನ ಒಂದರ ಹಿಂದೆ ಕೂತಿರ್ತೀವಿ. ಹೊರಗಿಂದ ಬರೋ ಕರೆ ನಮ್ಮ ರೇಡಿಯೋ ನೋಡ್ ಮುಟ್ಟಲ್ಲ. ಹಾಗಾಗಿ ಹ್ಯಾಮ್‌ಗಳು ಸೇರಿ ಒಂದು ಚಿಕ್ಕ ಕ್ಲೌಡ್ ಸರ್ವರ್ ಬಾಡಿಗೆಗೆ ಹಿಡಿದು ವಿಪಿಎನ್ ಹಾಕ್ತಾರೆ. ಆಲ್‌ಸ್ಟಾರ್ ಆದ್ರೆ ನೋಡಿಗೊಂದು ಪೋರ್ಟ್ ಕೊಟ್ಟು ಹಂಚಬಹುದು. ಎಕೋಲಿಂಕ್‌ನ 5198, 5199 ಪೋರ್ಟುಗಳು ಬದಲಾಗಲ್ಲ, ಒಂದು ಐಪಿಗೆ ಒಂದೇ ನೋಡ್. ಇದೆಲ್ಲ ಒಂದು ಸಂಜೆಯ ಕೆಲಸ ಬಿಡಿ. ಆರು ತಿಂಗಳಾದ ಮೇಲೆ ಬಾಡಿಗೆ ಯಾರು ಕಟ್ತಾರೆ ಅನ್ನೋದೇ ನಿಜವಾದ ಪ್ರಶ್ನೆ. (ಹ್ಯಾಮ್ ಲೈಸೆನ್ಸಿನಲ್ಲಿ ಊರಿಗೆಲ್ಲ ಪ್ರಸಾರ ಮಾಡೋ ಹಾಗಿಲ್ಲ. ಮೇಷ್ಟ್ರು ಮಾಡಿದ್ದು ಬೇರೆ ಥರದ ಕೆಲಸ.)

ಗೋಪಾಲಸ್ವಾಮಿ ಆರು ವರ್ಷದ ಹತ್ತಿರ ಜಗ್ಗಿದರು. ನಗರಸಭೆಯ ನೆರವು ಬಂತು, ಶಕ್ತಿ 250 ವ್ಯಾಟಿಗೆ ಏರಿತು. 1940ರ ದಶಕದ ಆರಂಭದಲ್ಲಿ ಕೇಂದ್ರವನ್ನು ಮೈಸೂರು ಸಂಸ್ಥಾನ ವಹಿಸಿಕೊಂಡಿತು. ಸ್ವಂತ ಮನೆಯಲ್ಲಿ ಹುಟ್ಟಿದ್ದನ್ನು ಬಿಟ್ಟುಕೊಡೋದು ಸುಲಭವಲ್ಲ, ಆದರೆ ಬಿಟ್ಟುಕೊಟ್ಟದ್ದಕ್ಕೇ ಅದು ಉಳಿಯಿತು ಅಂತ ನಮ್ಮ ಅನಿಸಿಕೆ. 1950ರಲ್ಲಿ ಅದು ಆಲ್ ಇಂಡಿಯಾ ರೇಡಿಯೋಗೆ ಸೇರಿತು, 1955ರಲ್ಲಿ ಬೆಂಗಳೂರಿಗೆ ಬಂತು. ಎರಡು ವರ್ಷದ ನಂತರ, 1957ರಲ್ಲಿ, ಮೇಷ್ಟ್ರು ತೀರಿಕೊಂಡರು.