ಸ್ವಂತ ದುಡಿಮೆಯ ಪಾಠ

ನಾಗಮಂಗಲ ತಾಲ್ಲೂಕಿನ ಬಿಂಡಿಗನವಿಲೆ ಗರುಡಸ್ವಾಮಿಯಿಂದ ಹೆಸರಾದ ಊರು. ಪಾಂಡವಪುರ, ಮಂಡ್ಯಗಳ ಬಯಲನ್ನು ಹಸುರಾಗಿಸಿದ ವಿಶ್ವೇಶ್ವರಯ್ಯ ನಾಲೆಯ ನೀರು ಈ ಎತ್ತರದ ನೆಲಕ್ಕೆ ಹರಿದುಬರಲಿಲ್ಲ. ಆದರೆ ಆ ನಾಲೆಗೆ ಯಾರ ಹೆಸರಿದೆಯೋ ಆ ಮಹನೀಯರು ನೀರಿನಷ್ಟೇ ಬೆಲೆಯುಳ್ಳ ವಿಚಾರವೊಂದನ್ನು ನಾಡಿಗೆ ನೀಡಿದರು. ವಿದ್ಯೆ ಕಲಿತ ತರುಣರು ತಮ್ಮ ಜೀವನೋಪಾಯವನ್ನು ತಾವೇ ಕಟ್ಟಿಕೊಳ್ಳುವಂತಾಗಬೇಕು ಎಂಬುದೇ ಆ ವಿಚಾರ. ಅದಕ್ಕೆ ನೀರಾವರಿ ನೆಲ, ಮಳೆಯ ನೆಲ ಎಂಬ ಭೇದವಿಲ್ಲ.

ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಹುಟ್ಟಿದ್ದು ಇಂದಿನ ಚಿಕ್ಕಬಳ್ಳಾಪುರ ಜಿಲ್ಲೆಯ ಮುದ್ದೇನಹಳ್ಳಿಯಲ್ಲಿ. ತಂದೆ ಶ್ರೀನಿವಾಸ ಶಾಸ್ತ್ರಿಗಳು ಸಂಸ್ಕೃತ ವಿದ್ವಾಂಸರು, ತಾಯಿ ವೆಂಕಟಲಕ್ಷ್ಮಮ್ಮ. ಚಿಕ್ಕಂದಿನಲ್ಲಿಯೇ ತಂದೆಯನ್ನು ಕಳೆದುಕೊಂಡ ಬಾಲಕ, ಓದುವ ಹಂಬಲದಿಂದ ಬೆಂಗಳೂರಿನ ಸೋದರಮಾವನ ಆಶ್ರಯಕ್ಕೆ ಬಂದನು. ಅಲ್ಲಿಯೂ ಸಿರಿತನವಿರಲಿಲ್ಲ. ಕೊಡಗಿನ ಕುಟುಂಬವೊಂದರ ಮಕ್ಕಳಿಗೆ ಮನೆಪಾಠ ಹೇಳಿ, ಆ ದುಡಿಮೆಯಿಂದ ತನ್ನ ಓದನ್ನು ನಡೆಸಿದನು. ಪಾಠ ಹೇಳಲು ವೇಳೆ ತಪ್ಪದೆ ಹೋಗಬೇಕು. ಬಂದ ಅಲ್ಪ ಹಣವನ್ನು ಅಳೆದು ತೂಗಿ ಬಳಸಬೇಕು. ತನ್ನ ಓದೂ ಹಿಂದೆ ಬೀಳಬಾರದು. ಪುಸ್ತಕ ಕಲಿಸದ ಈ ಶಿಸ್ತನ್ನು ಬಡತನ ಕಲಿಸಿತು.

1881ರಲ್ಲಿ ಸೆಂಟ್ರಲ್ ಕಾಲೇಜಿನಿಂದ ಬಿ.ಎ. ಪದವಿ ಪಡೆದ ವಿಶ್ವೇಶ್ವರಯ್ಯನವರು, ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಿಂದ ಪುಣೆಯಲ್ಲಿ ಎಂಜಿನಿಯರಿಂಗ್ ಓದಿ, 1883ರಲ್ಲಿ ಅಗ್ರಸ್ಥಾನ ಗಳಿಸಿದರು. ಮುಂಬಯಿ ಸರ್ಕಾರದ ಸೇವೆಯಲ್ಲಿದ್ದಾಗ, 1898ರಲ್ಲಿ, ಜಪಾನಿಗೆ ಹೋಗಿಬಂದರು. ಅಲ್ಲಿ ಶಿಕ್ಷಣವೂ ಕೈಗಾರಿಕೆಯೂ ಜೊತೆಜೊತೆಯಾಗಿ ಬೆಳೆಯುತ್ತಿದ್ದುದನ್ನು ಕಂಡರು. ನಮ್ಮಲ್ಲಿಯಾದರೋ ಓದಿದವರ ಕಣ್ಣು ಸರ್ಕಾರಿ ಕಚೇರಿಯ ಮೇಲೆಯೇ ನೆಟ್ಟಿತ್ತು. ಈ ವ್ಯತ್ಯಾಸವನ್ನು ಅವರು ಎಂದೂ ಮರೆಯಲಿಲ್ಲ.

1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರಾಗಿ ಬಂದ ಅವರು, 1912ರಿಂದ 1918ರವರೆಗೆ ದಿವಾನರಾಗಿದ್ದರು. ಕನ್ನಂಬಾಡಿಯ ಅಣೆಕಟ್ಟಿನ ಕೆಲಸದ ಜೊತೆಯಲ್ಲಿಯೇ ಜನರ ಉದ್ಯಮಶಕ್ತಿಯನ್ನು ಎಚ್ಚರಿಸುವ ಕೆಲಸವೂ ನಡೆಯಿತು. 1911ರಲ್ಲಿ ಆರಂಭವಾದ ಮೈಸೂರು ಆರ್ಥಿಕ ಸಮ್ಮೇಳನವು ವ್ಯವಸಾಯ, ಶಿಕ್ಷಣ, ಕೈಗಾರಿಕೆ ಮತ್ತು ವಾಣಿಜ್ಯಗಳನ್ನು ಒಟ್ಟಿಗೆ ಪರಿಶೀಲಿಸಿತು. ಬಂಡವಾಳಕ್ಕೆ ನೆರವಾಗಲೆಂದು 1913ರಲ್ಲಿ ಮೈಸೂರು ಬ್ಯಾಂಕ್ ಹುಟ್ಟಿತು. ಕಸುಬು ಕಲಿಸುವ ಶಾಲೆಗಳು ತೆರೆದವು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾಯಿತು. ಮೊದಲ ಮಹಾಯುದ್ಧದಿಂದ ಶ್ರೀಗಂಧದ ಕೊರಡುಗಳ ರಫ್ತು ನಿಂತಾಗ, ನಾಡಿನಲ್ಲಿಯೇ ಗಂಧದೆಣ್ಣೆ ತೆಗೆಯುವ ಉದ್ಯಮ ಆರಂಭವಾಯಿತು. ಕೇಡಿನಲ್ಲಿಯೂ ದಾರಿ ಕಾಣುವುದೇ ಉದ್ಯಮಶೀಲತೆ ಎಂಬುದಕ್ಕೆ ಇದೊಂದು ನಿದರ್ಶನ.

ನಿವೃತ್ತಿಯ ನಂತರ ಅವರು ನಷ್ಟದಲ್ಲಿದ್ದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಹೊಣೆ ಹೊತ್ತು, ಅದನ್ನು ನೆಲೆಗೊಳಿಸಿದರು. ಆ ಸೇವೆಗಾಗಿ ತಮಗೆ ಸಲ್ಲಬೇಕಾಗಿದ್ದ ಹಣವನ್ನು ಸ್ವಂತಕ್ಕೆ ಬಳಸಲಿಲ್ಲ. ತರುಣರಿಗೆ ಕಸುಬು ಕಲಿಸುವ ಸಂಸ್ಥೆಯೊಂದಕ್ಕೆ ವಿನಿಯೋಗಿಸುವಂತೆ ಮಾಡಿದರು. 1943ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಆ ಸಂಸ್ಥೆಗೆ ತಮ್ಮ ಹೆಸರನ್ನೂ ಇಡಗೊಡಲಿಲ್ಲ. ಮಹಾರಾಜ ಜಯಚಾಮರಾಜೇಂದ್ರರ ಹೆಸರಿನಲ್ಲಿ ಅದು ಬೆಳೆಯಿತು. ಮನೆಪಾಠದಿಂದ ಬದುಕು ಆರಂಭಿಸಿದ ಬಾಲಕ, ಮುಪ್ಪಿನಲ್ಲಿ ಸಾವಿರಾರು ತರುಣರ ದುಡಿಮೆಗೆ ದಾರಿ ತೆರೆದನು. 1955ರಲ್ಲಿ ಭಾರತರತ್ನ ಪ್ರಶಸ್ತಿಗೆ ಪಾತ್ರರಾದ ಅವರು 1962ರಲ್ಲಿ ನಿಧನರಾದರು.

ನಾಗಮಂಗಲ ಲೋಹದ ಎರಕಕ್ಕೆ ಹೆಸರಾದ ಊರು. ಎರಕದವನ ಮಗ ಕುಲುಮೆಯ ಬಳಿ ಕುಳಿತು ಕೈಚಳಕ ಕಲಿಯುತ್ತಾನೆ. ಆದರೆ ಲೋಹಕ್ಕೆ ಕೊಟ್ಟ ಬೆಲೆಯೆಷ್ಟು, ಇದ್ದಿಲಿಗೆ ತಗುಲಿದ ವೆಚ್ಚವೆಷ್ಟು, ಕೊಳ್ಳುವವರು ಯಾರು ಎಂಬ ಲೆಕ್ಕವೂ ತಿಳಿದಾಗಲೇ ಕಸುಬು ಕೈ ಹಿಡಿಯುತ್ತದೆ. ಶಾಲೆಯ ತೋಟದಲ್ಲಿ ಸೊಪ್ಪು ಬೆಳೆದು ಸಂತೆಯಲ್ಲಿ ಮಾರುವ ವಿದ್ಯಾರ್ಥಿಯೂ ಈ ಪಾಠವನ್ನೇ ಕಲಿಯುತ್ತಾನೆ. ಬೀಜ, ಗೊಬ್ಬರಗಳ ಖರ್ಚನ್ನು ಬರೆದಿಡುತ್ತಾನೆ. ಬಾಡಿದ ಸೊಪ್ಪಿನ ನಷ್ಟವನ್ನು ಸಹಿಸುತ್ತಾನೆ. ತೂಕದಲ್ಲಿ ಮೋಸ ಮಾಡಿದರೆ ಕೊಂಡವನು ಮತ್ತೆ ಬರುವುದಿಲ್ಲವೆಂಬುದನ್ನು ಅರಿಯುತ್ತಾನೆ. ಲಾಭ ಕೆಲವೇ ರೂಪಾಯಿಗಳಿರಬಹುದು. ಆದರೆ ತನ್ನ ಬೆವರಿನಿಂದ ಬಂದ ಆ ಹಣ ಅವನಲ್ಲಿ ತುಂಬುವ ಆತ್ಮವಿಶ್ವಾಸ ಜೀವನದುದ್ದಕ್ಕೂ ಉಳಿಯುತ್ತದೆ. ವಿಶ್ವೇಶ್ವರಯ್ಯನವರ ಬಾಳು ನಮಗೆ ಹೇಳುವುದೂ ಇದನ್ನೇ.