ಹಿಮಸಮುದ್ರದ ಅಂಚಿನಲ್ಲಿ: ವಿಲಿಯಂ ಸ್ಕೋರ್ಸ್ಬಿಯವರ ಚರಿತ್ರೆ

ಅಂಜನಾಪುರದ ಜಲಾಶಯದ ಏರಿಯ ಮೇಲೆ ನಿಂತು ಪಡುವಣ ದಿಕ್ಕನ್ನು ನೋಡುವವರಿಗೆ ಒಂದು ಸಂಗತಿ ಚೆನ್ನಾಗಿ ತಿಳಿದಿರುವುದು. ಆರಿದ್ರೆ, ಪುನರ್ವಸು ಮಳೆಗಳ ಕಾಲದಲ್ಲಿ ಹೊಸನಗರದ ಕಡೆ ಹಗಲಿರುಳು ಬಿಡದೆ ಸುರಿಯುವ ಮಳೆಯು ಶಿಕಾರಿಪುರದ ಸೀಮೆಗೆ ಬರುವಷ್ಟರಲ್ಲಿ ತೆಳುವಾಗುವುದು; ಇನ್ನೂ ಮೂಡಲಿಗೆ ಹೋದರೆ ಎಷ್ಟೋ ದಿನ ಬರಿಯ ಗಾಳಿಯಾಗಿಬಿಡುವುದು. ಕುಮುದ್ವತಿಯು ಕೆಂಪಗೆ ತುಂಬಿ ಬಂದ ದಿನ ನಮ್ಮ ಹೊಲಗಳಲ್ಲಿ ಹನಿ ಬೀಳದೆ ಇರುವುದೂ ಉಂಟು. ಮಲೆನಾಡು ಮುಗಿದು ಬಯಲುಸೀಮೆ ಹತ್ತುವ ಈ ಗಡಿಯಲ್ಲಿ ಕೆಲವು ಹರದಾರಿಗಳೊಳಗೆ ಹವೆಯೇ ಬೇರೆಯಾಗುತ್ತದೆ. ಭೂಮಿಯ ಉತ್ತರದ ತುದಿಯಲ್ಲಿ ಇಂಥ ಗಡಿ ಮತ್ತೊಂದುಂಟು. ಅಲ್ಲಿ ಒಂದು ಕಡೆಗೆ ಹೆಪ್ಪುಗಟ್ಟಿದ ಸಮುದ್ರ, ಇನ್ನೊಂದು ಕಡೆಗೆ ತೆರೆದ ನೀರು. ಆ ಅಂಚಿನಲ್ಲಿ ಹವೆಯು ಬದಲಾಗುವುದಕ್ಕೆ ಹರದಾರಿಗಳೂ ಬೇಕಾಗಿಲ್ಲ, ಒಂದು ಗಳಿಗೆ ಸಾಕು. ಅಲ್ಲಿಯ ಗಾಳಿ, ಮಂಜು, ಹಿಮಗಳನ್ನು ವರುಷ ವರುಷವೂ ನೋಡಿ ಬರೆದಿಟ್ಟ ಒಬ್ಬ ನಾವಿಕರ ಜೀವಿತವನ್ನು ಈ ತಿಂಗಳು ತಿಳಿಸುತ್ತೇವೆ.

ವಿಲಿಯಂ ಸ್ಕೋರ್ಸ್ಬಿಯವರು 1789ನೆಯ ಇಸವಿ ಅಕ್ಟೋಬರ್ 5ನೆಯ ತಾರೀಖಿನಲ್ಲಿ ಇಂಗ್ಲೆಂಡು ದೇಶದ ಯಾರ್ಕ್‌ಷೈರ್ ಸೀಮೆಯ ಕ್ರಾಪ್ಟನ್ ಎಂಬ ಹಳ್ಳಿಯಲ್ಲಿ ಹುಟ್ಟಿದರು. ತಂದೆಯ ಹೆಸರೂ ವಿಲಿಯಂ ಎಂದೇ. ಆ ತಂದೆಯು ಬೇಸಾಯಗಾರರ ಮನೆಯಲ್ಲಿ ಹುಟ್ಟಿ, ನೇಗಿಲನ್ನು ಬಿಟ್ಟು ಸಮುದ್ರಕ್ಕೆ ಹೋಗಿ, ವಿಟ್ಬಿ ಎಂಬ ರೇವಿನಲ್ಲಿ ತಿಮಿಂಗಿಲ ಹಿಡಿಯುವ ಹಡಗಿನ ಅಧಿಪತಿಯಾಗಿದ್ದನು. ಸೀಮೆಎಣ್ಣೆಯು ಬಳಕೆಗೆ ಬರುವುದಕ್ಕೆ ಮುಂಚಿನ ಆ ಕಾಲದಲ್ಲಿ ಯೂರೋಪಿನ ಪಟ್ಟಣಗಳ ದೀಪಗಳು ಉರಿಯುತ್ತಿದ್ದದ್ದು ಬಹುಮಟ್ಟಿಗೆ ಈ ಪ್ರಾಣಿಯ ಕೊಬ್ಬಿನ ಎಣ್ಣೆಯಿಂದ. ಅದನ್ನರಸಿ ಪ್ರತಿ ವಸಂತದಲ್ಲಿ ಹಡಗುಗಳು ಗ್ರೀನ್‌ಲೆಂಡಿಗೂ ಸ್ಪಿಟ್ಸ್‌ಬರ್ಗನ್ ದ್ವೀಪಗಳಿಗೂ ನಡುವಣ ಸಮುದ್ರಕ್ಕೆ ಹೋಗುತ್ತಿದ್ದವು. ಸ್ಕೋರ್ಸ್ಬಿಯವರು ಹತ್ತು ವರುಷದ ಹುಡುಗನಾಗಿದ್ದಾಗ, 1800ರಲ್ಲಿ, ತಂದೆಯೊಡನೆ ಮೊದಲನೆಯ ಸಾರಿ ಆ ಸಮುದ್ರವನ್ನು ಕಂಡರು. 1806ರಲ್ಲಿ, ಹದಿನಾರು ವರುಷದ ಪ್ರಾಯದಲ್ಲಿ, ತಂದೆಯ ರೆಸಲ್ಯೂಷನ್ ಎಂಬ ಹಡಗಿಗೆ ಮುಖ್ಯ ಸಹಾಯಕರಾಗಿದ್ದರು. ಆ ವರುಷ ಹಡಗು ಉತ್ತರ ಅಕ್ಷಾಂಶ ಎಂಭತ್ತೊಂದೂವರೆ ಡಿಗ್ರಿಯ ತನಕ ಏರಿತು. ಅಷ್ಟು ಉತ್ತರಕ್ಕೆ ಅದುವರೆಗೆ ಹಡಗು ಹೋದದ್ದು ಗೊತ್ತಿರಲಿಲ್ಲ. ಧ್ರುವಕ್ಕೆ ಅಲ್ಲಿಂದ ಆರುನೂರು ಮೈಲಿಯೂ ಉಳಿದಿರಲಿಲ್ಲ.

ಚಳಿಗಾಲದಲ್ಲಿ ಹಡಗುಗಳು ರೇವಿನಲ್ಲಿ ಕಟ್ಟಿರುವಾಗ ಬೇರೆ ನಾವಿಕರು ವಿಶ್ರಮಿಸಿಕೊಳ್ಳುತ್ತಿದ್ದರು. ಈ ಯುವಕರಾದರೋ ಎಡಿನ್‌ಬರೊ ವಿದ್ಯಾಪೀಠಕ್ಕೆ ಹೋಗಿ ಪ್ರಕೃತಿಶಾಸ್ತ್ರವನ್ನು ಕಲಿತರು. ಜೇಮ್ಸನ್ ಎಂಬ ಪಂಡಿತರು ಇವರ ಬಾಯಿಂದ ಹಿಮಸಮುದ್ರದ ಸಂಗತಿಗಳನ್ನು ಕೇಳಿ, ಇವುಗಳನ್ನು ಕ್ರಮವಾಗಿ ಬರೆದಿಡಬೇಕೆಂದು ಪ್ರೇರೇಪಿಸಿದರು. ಲಂಡನಿನ ಪ್ರಸಿದ್ಧ ವಿಜ್ಞಾನಿಗಳಾದ ಸರ್ ಜೋಸೆಫ್ ಬ್ಯಾಂಕ್ಸರ ಸ್ನೇಹವೂ ದೊರೆಯಿತು. ಇಪ್ಪತ್ತೊಂದು ವರುಷ ತುಂಬಿದ ಕೂಡಲೆ ತಂದೆಯು ಹಡಗಿನ ಅಧಿಪತ್ಯವನ್ನು ಇವರಿಗೆ ಬಿಟ್ಟುಕೊಟ್ಟನು. ಅಂದಿನಿಂದ ಇವರ ಹಡಗಿನಲ್ಲಿ ಈಟಿ ಹಗ್ಗಗಳ ಜೊತೆಗೆ ಉಷ್ಣಮಾಪಕ, ವಾಯುಭಾರಮಾಪಕ, ಸೂಕ್ಷ್ಮದರ್ಶಕಗಳೂ ಪ್ರಯಾಣಮಾಡಿದವು.

ಆ ಅಂಚಿನ ಹವೆಯು ಅಷ್ಟು ವಿಚಿತ್ರವಾಗಿರುವುದಕ್ಕೆ ಕಾರಣವನ್ನು ಇಲ್ಲಿ ಹೇಳಬೇಕು. ಸಮುದ್ರದ ಉಪ್ಪುನೀರು ಸೊನ್ನೆಗಿಂತ ಸುಮಾರು ಎರಡು ಡಿಗ್ರಿ ಸೆಂಟಿಗ್ರೇಡ್ ಕೆಳಗಿಳಿದರೆ ಹೆಪ್ಪುಗಟ್ಟುತ್ತದೆ. ಆದಕಾರಣ ನೀರಾಗಿ ಉಳಿದಿರುವ ಸಮುದ್ರವು ಅದಕ್ಕಿಂತ ತಣ್ಣಗಾಗಲಾರದು. ಹೆಪ್ಪಿನ ಮೇಲಣ ಗಾಳಿಯೋ ಚಳಿಗಾಲದಲ್ಲಿ ಸೊನ್ನೆಗಿಂತ ಇಪ್ಪತ್ತು ಮೂವತ್ತು ಡಿಗ್ರಿ ಕೆಳಗಿರುವುದು. ದಕ್ಷಿಣದಿಂದ ಬರುವ ಬೆಚ್ಚಗಿನ ಪ್ರವಾಹವೊಂದು ಸ್ಪಿಟ್ಸ್‌ಬರ್ಗನ್ನಿನ ಪಶ್ಚಿಮದ ತೀರವನ್ನು ತೊಳೆಯುವುದರಿಂದ ಅಲ್ಲಿ ತೆರೆದ ನೀರೂ ಹೆಪ್ಪೂ ನೆರೆಮನೆಗಳಂತೆ ಗೋಡೆ ಹಂಚಿಕೊಂಡಿವೆ. ಉತ್ತರದ ಗಾಳಿಯು ಹೆಪ್ಪನ್ನು ದಾಟಿ ನೀರಿನ ಮೇಲೆ ಬಂದ ಕ್ಷಣವೇ ಸಮುದ್ರವು ಒಲೆಯ ಮೇಲಣ ಹಂಡೆಯ ಹಾಗೆ ಹೊಗೆಯಾಡುತ್ತದೆ. ಆ ಹೊಗೆಯು ಮೇಲೇರಿ ಸಾಲುಸಾಲಾದ ಮೋಡವಾಗಿ ಹಿಮವನ್ನು ಸುರಿಸುತ್ತದೆ. ಬೇಸಗೆಯಲ್ಲಿ ದಕ್ಷಿಣದ ತೇವದ ಗಾಳಿಯು ತಣ್ಣಗಿನ ಹೆಪ್ಪಿನ ಮೇಲೆ ಹಾದುಹೋಗುವಾಗ ದಟ್ಟವಾದ ಮಂಜು ಕವಿದು, ಹಡಗಿನ ಈ ತುದಿಯಲ್ಲಿದ್ದವರಿಗೆ ಆ ತುದಿಯು ಕಾಣದಂತಾಗುತ್ತದೆ.

ಬಿರುಗಾಳಿಯ ವಿಷಯವು ಇನ್ನೂ ಆಶ್ಚರ್ಯವಾದದ್ದು. ಒಂದು ಹಡಗು ಹಾಯಿ ಹರಿಯುವಂಥ ಗಾಳಿಯಲ್ಲಿ ಒದ್ದಾಡುತ್ತಿರುವಾಗ ಕಣ್ಣಿಗೆ ಕಾಣುವಷ್ಟು ದೂರದಲ್ಲೇ ಇನ್ನೊಂದು ಹಡಗು ಎಲೆಯಲುಗದ ಶಾಂತಿಯಲ್ಲಿ ನಿಂತಿರುವುದನ್ನು ಸ್ಕೋರ್ಸ್ಬಿಯವರು ಬರೆದಿದ್ದಾರೆ. ತುಂಡುತುಂಡಾದ ಹೆಪ್ಪು ಅಲೆಗಳನ್ನು ಅಡಗಿಸುವುದರಿಂದ ಬಿರುಗಾಳಿಯ ಹೊತ್ತಿನಲ್ಲಿ ಅದರೊಳಗೆ ನುಗ್ಗಿದ ಹಡಗಿಗೆ ಆಶ್ರಯ ಸಿಗುವುದು. ಆದರೆ ಗಾಳಿಯು ತಿರುಗಿ ತುಂಡುಗಳು ಒತ್ತರಿಸಿದರೆ ಅದೇ ಆಶ್ರಯವು ಇಕ್ಕುಳವಾಗುವುದು. ಒಳಗೆ ಹೋಗಬೇಕೋ ಹೊರಗೆ ನಿಲ್ಲಬೇಕೋ ಎಂಬುದನ್ನು ಅಧಿಪತಿಯು ಗಳಿಗೆಯೊಳಗೆ ನಿಶ್ಚಯಿಸಬೇಕು. ಹಡಗಿನವರೆಲ್ಲರ ಪ್ರಾಣವು ಅದರಲ್ಲಿರುತ್ತಿತ್ತು. ಸ್ಕೋರ್ಸ್ಬಿಯವರು ಪಾದರಸದ ಇಳಿತವನ್ನು ನೋಡಿ, ಆಕಾಶವು ತಿಳಿಯಾಗಿದ್ದರೂ ಹಾಯಿಗಳನ್ನು ಇಳಿಸುತ್ತಿದ್ದರು. ಆಕಾಶದ ಅಂಚನ್ನೂ ಓದುತ್ತಿದ್ದರು. ದೂರದ ಹೆಪ್ಪಿನ ಬೆಳಕು ಕೆಳಮೋಡಕ್ಕೆ ತಾಗಿ ದಿಗಂತದಲ್ಲಿ ಒಂದು ಬಿಳಿಯ ಹೊಳಪಾಗಿ ಕಾಣುತ್ತದೆ. ತೆರೆದ ನೀರಿರುವ ಕಡೆ ಮೋಡವು ಕಪ್ಪಗಿರುತ್ತದೆ. ಹೊಳಪಿನಲ್ಲಿ ಹಳದಿಯ ಛಾಯೆ ಇದ್ದರೆ ವಿಶಾಲವಾದ ಹೆಪ್ಪಿನ ಬಯಲು, ಶುದ್ಧ ಬಿಳುಪಾಗಿದ್ದರೆ ಒತ್ತೊತ್ತಾದ ತುಂಡುಗಳು, ಬೂದುಬಣ್ಣವಾಗಿದ್ದರೆ ಹೊಸದಾಗಿ ಕಟ್ಟಿದ ತೆಳುಹೆಪ್ಪು ಎಂದು ಅವರು ಗುರುತಿಸಿದರು. ಮೋಡದ ಬಣ್ಣವನ್ನು ನೋಡಿ ಯಾವ ಊರಲ್ಲಿ ಮಳೆಯಾಯಿತೆಂದು ಹೇಳುವ ನಮ್ಮ ಹಿರಿಯ ರೈತರು ಈ ವಿದ್ಯೆಯನ್ನು ಮೆಚ್ಚದೆ ಇರಲಾರರು.

ಬಿಡುವು ಸಿಕ್ಕಾಗ ಉದುರಿದ ಹಿಮದ ಅರಳುಗಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಚಿತ್ರ ಬರೆದರು. ಇಂಥ 96 ಆಕೃತಿಗಳನ್ನು ಅಚ್ಚುಹಾಕಿಸಿದ್ದಾರೆ. ಬಹುಮಟ್ಟಿಗೆ ಎಲ್ಲವೂ ಆರು ಮೂಲೆಯವು, ಒಂದರಂತೆ ಒಂದಿಲ್ಲ. ಮತ್ತೊಮ್ಮೆ ತಿಳಿಯಾದ ಮಂಜುಗಡ್ಡೆಯ ತುಂಡನ್ನು ಕೊಡಲಿಯಿಂದ ಕೆತ್ತಿ, ಚಾಕುವಿನಿಂದ ಹೆರೆದು, ಅಂಗೈಯ ಬಿಸಿಯಿಂದ ನಯಮಾಡಿ ಭೂತಕನ್ನಡಿಯಂತೆ ಬಿಸಿಲಿಗೆ ಹಿಡಿದು, ನಾವಿಕರ ಚಿಲುಮೆಗಳಿಗೆ ಬೆಂಕಿ ಹೊತ್ತಿಸಿ ತೋರಿಸಿದರು. ಕರಗದ ಮಂಜುಗಡ್ಡೆಯಿಂದ ಬೆಂಕಿ ಬಂದದ್ದನ್ನು ಕಂಡು ಅವರು ಬೆರಗಾದದ್ದು ಸಹಜವೇ.

ಇಷ್ಟು ಬಲ್ಲವರಿಗೂ ಅಪಾಯ ತಪ್ಪಲಿಲ್ಲ. 1816ರಲ್ಲಿ ಇವರ ಎಸ್ಕ್ ಎಂಬ ಹಡಗಿನ ತಳವು ನೀರಿನೊಳಗಿನ ಹೆಪ್ಪಿಗೆ ತಾಗಿ ಒಡೆಯಿತು. ಜನರೆಲ್ಲರೂ ನೀರೆತ್ತಿ ಎತ್ತಿ ದಣಿದರು. ಕೊನೆಗೆ ಭಾವನ ಹಡಗಿನ ಸಹಾಯದಿಂದ ಆ ಒಡಕು ಹಡಗು ವಿಟ್ಬಿಯನ್ನು ಸೇರಿತು. ಮರುವರುಷ ಅದೇ ಸಮುದ್ರವು ಬೇರೊಂದು ಮುಖವನ್ನು ತೋರಿಸಿತು. 74ನೆಯ ಡಿಗ್ರಿಯಿಂದ 80ರ ತನಕ ಹೆಪ್ಪಿರಬೇಕಾದ ಕಡೆಯಲ್ಲಿ ಬಹು ವಿಶಾಲವಾದ ತೆರೆದ ನೀರಿತ್ತು. ಈ ಸಂಗತಿಯನ್ನು ಸ್ಕೋರ್ಸ್ಬಿಯವರು ಬ್ಯಾಂಕ್ಸರಿಗೆ ಬರೆದರು. ಅದರ ಫಲವಾಗಿ ಸರಕಾರವು 1818ರಲ್ಲಿ ಉತ್ತರಕ್ಕೆ ಹಡಗುಗಳನ್ನು ಕಳುಹಿಸಿತು. ಆದರೆ ಆ ಅಧಿಪತ್ಯವು ನೌಕಾದಳದ ಅಧಿಕಾರಿಗಳಿಗೆ ಹೋಯಿತೇ ಹೊರತು, ಆ ಸಮುದ್ರವನ್ನು ಎಲ್ಲರಿಗಿಂತ ಹೆಚ್ಚಾಗಿ ಬಲ್ಲ ಇವರಿಗೆ ಕೊಡಲ್ಪಡಲಿಲ್ಲ. ಇದು ಅನ್ಯಾಯವೆಂದೇ ನಮ್ಮ ಎಣಿಕೆ. ಅವರು ತಮ್ಮ ಕಸಬಿಗೆ ಮರಳಿದರು. 1820ರಲ್ಲಿ ಹಿಮಸಮುದ್ರದ ವಿವರಣೆಯನ್ನು ಎರಡು ಸಂಪುಟಗಳಾಗಿ ಪ್ರಕಟಿಸಿದರು. ಆ ಗ್ರಂಥವು ಉಳಿಯಿತು.

ಇವರ ಹಡಗಿನಲ್ಲಿ ಆದಿತ್ಯವಾರದ ದಿನ ತಿಮಿಂಗಿಲದ ಬೇಟೆಯನ್ನು ನಿಲ್ಲಿಸಿದ್ದನ್ನೂ ಹೇಳಬೇಕು. ಹಿಡಿದ ಲೆಕ್ಕದ ಮೇಲೆ ನಾವಿಕರಿಗೆ ಹಣ ಸೇರುತ್ತಿದ್ದದ್ದರಿಂದ, ಕಣ್ಣೆದುರಿಗೆ ಪ್ರಾಣಿಯು ಉಸಿರು ಹಾರಿಸುತ್ತಿರುವಾಗ ಕೈಕಟ್ಟಿ ಕುಳಿತು ಆರಾಧನೆಗೆ ಕೂಡುವುದು ಸುಲಭವಾಗಿರಲಿಲ್ಲ. ಹಾಗೆ ಕಾದುಕೊಂಡ ಆದಿತ್ಯವಾರಗಳಿಂದ ನಷ್ಟವಾಗಲಿಲ್ಲವೆಂದು ಅವರು ಆಮೇಲೆ ಬರೆದರು. ನಷ್ಟವಾಗಿದ್ದರೂ ಅವರು ಬಿಡುತ್ತಿರಲಿಲ್ಲವೆಂದು ನಮಗೆ ತೋರುತ್ತದೆ.

1822ರ ಬೇಸಗೆಯಲ್ಲಿ ಬ್ಯಾಫಿನ್ ಎಂಬ ಹಡಗಿನಲ್ಲಿ ಹೋಗಿ ಗ್ರೀನ್‌ಲೆಂಡಿನ ಮೂಡಣ ತೀರದ ಸುಮಾರು ನಾನೂರು ಮೈಲಿಯ ನಕ್ಷೆಯನ್ನು ಮಾಡಿದರು. ಅಲ್ಲಿಯ ಒಂದು ದೊಡ್ಡ ಕೊಲ್ಲಿಗೆ ತಂದೆಯ ನೆನಪಿಗಾಗಿ ಸ್ಕೋರ್ಸ್ಬಿ ಎಂಬ ಹೆಸರನ್ನಿಟ್ಟರು. ಅದೇ ಯಾತ್ರೆಯಲ್ಲಿ ಒಂದು ದಿನ ಆಕಾಶದಲ್ಲಿ ತಲೆಕೆಳಗಾದ ಹಡಗೊಂದು ಕಾಣಿಸಿತು. ದುರ್ಬೀನಿನಿಂದ ನೋಡಿ, ಅದು ತಂದೆಯ ಫೇಮ್ ಎಂಬ ಹಡಗೇ ಎಂದು ಗುರುತಿಸಿದರು. ಆ ಹಡಗು ದಿಗಂತದ ಆಚೆ, ಸುಮಾರು ಮೂವತ್ತು ಮೈಲಿ ದೂರದಲ್ಲಿತ್ತೆಂದು ಆಮೇಲೆ ತಿಳಿಯಿತು. ತಣ್ಣಗಿನ ಸಮುದ್ರದ ಮೇಲೆ ಬೆಚ್ಚಗಿನ ಗಾಳಿಯ ಪದರವು ಕುಳಿತಾಗ ಬೆಳಕಿನ ದಾರಿಯು ಬಾಗಿ ಇಂಥ ನೋಟಗಳುಂಟಾಗುತ್ತವೆ. ಬೇಸಗೆಯ ರಸ್ತೆಯ ಮೇಲೆ ನಮಗೆ ಕಾಣುವ ನೀರಿನ ಭ್ರಮೆಯು ಇದೇ ಬಗೆಯದು, ಆದರೆ ಅಲ್ಲಿ ಕೆಳಗಣ ಗಾಳಿಯೇ ಬಿಸಿಯಾಗಿರುತ್ತದೆ. ಈ ಜಯದ ಯಾತ್ರೆಯನ್ನು ಮುಗಿಸಿ ಲಿವರ್‌ಪೂಲಿಗೆ ಹಿಂದಿರುಗಿದಾಗ, ಹೆಂಡತಿಯು ತೀರಿಹೋಗಿರುವಳೆಂಬ ವರ್ತಮಾನವು ಅವರನ್ನು ಕಾದಿತ್ತು.

ಇನ್ನೊಂದೇ ಸಾರಿ, 1823ರಲ್ಲಿ, ಹಿಮಸಮುದ್ರಕ್ಕೆ ಹೋದರು. ಬಳಿಕ ಅಧಿಪತಿಯ ದೊಡ್ಡ ವರಮಾನವನ್ನು ಬಿಟ್ಟು, 1825ರಲ್ಲಿ ದೀಕ್ಷೆ ಹೊಂದಿ ಬೆಸಿಂಗ್ಬಿ ಎಂಬ ಚಿಕ್ಕ ಗ್ರಾಮದ ಸಭೆಯ ಸೇವೆಗೆ ನಿಂತರು. 1827ರಲ್ಲಿ ಲಿವರ್‌ಪೂಲಿನ ನಾವಿಕರ ಸಭೆಗೆ ಬೋಧಕರಾದರು. ಅಲ್ಲಿ ಹಳೆಯ ಯುದ್ಧನೌಕೆಯೊಂದೇ ದೇವಾಲಯವಾಗಿತ್ತು. 1839ರಿಂದ 1847ರ ವರೆಗೆ ಉಣ್ಣೆಯ ಕಾರ್ಖಾನೆಗಳ ಪಟ್ಟಣವಾದ ಬ್ರಾಡ್‌ಫರ್ಡಿನಲ್ಲಿ ಪಾದ್ರಿಗಳಾಗಿ ಬಹಳ ಶ್ರಮಪಟ್ಟು ದೇಹಾರೋಗ್ಯವನ್ನು ಕಳೆದುಕೊಂಡರು. ಆದರೂ ಶಾಸ್ತ್ರವನ್ನು ಬಿಡಲಿಲ್ಲ. ಕಬ್ಬಿಣದ ಹಡಗುಗಳಲ್ಲಿ ದಿಕ್ಸೂಚಿಯು ತಪ್ಪು ತೋರಿಸಿ ಜನರು ಸಾಯುತ್ತಿದ್ದದ್ದರಿಂದ, ಅದರ ಕಾರಣವನ್ನು ಪರೀಕ್ಷಿಸುವುದಕ್ಕಾಗಿ 1856ರಲ್ಲಿ, ಅರುವತ್ತಾರರ ಮುಪ್ಪಿನಲ್ಲಿ, ರಾಯಲ್ ಚಾರ್ಟರ್ ಎಂಬ ಹಡಗನ್ನು ಹತ್ತಿ ಆಸ್ಟ್ರೇಲಿಯಕ್ಕೆ ಹೋಗಿಬಂದರು. 1857ನೆಯ ಇಸವಿ ಮಾರ್ಚ್ 21ರಲ್ಲಿ ಟಾರ್ಕಿ ಎಂಬ ಊರಿನಲ್ಲಿ ತೀರಿಕೊಂಡರು.

ಅವರ ಕಾಗದಗಳು ವಿಟ್ಬಿಯ ವಸ್ತುಸಂಗ್ರಹಾಲಯದಲ್ಲಿವೆ. 1960ರ ದಶಕದಿಂದ ಉಪಗ್ರಹಗಳು ಮೇಲಿನಿಂದ ನೋಡತೊಡಗಿದ ಮೇಲೆ, ಆ ಅಂಚಿನಲ್ಲಿ ಹಠಾತ್ತನೆ ಹುಟ್ಟಿ ಒಂದೆರಡು ದಿನಗಳಲ್ಲಿ ಅಡಗುವ ಕಿರಿಯ ಬಿರುಗಾಳಿಗಳ ಸುಳಿಗಳು ಸ್ಪಷ್ಟವಾಗಿ ಕಂಡವು. ಬಂಗಾಳ ಉಪಸಾಗರದ ಚಂಡಮಾರುತದಂತೆ ಅವೂ ತೆರೆದ ನೀರಿನ ಶಾಖದಿಂದ ಬಲ ಪಡೆಯುತ್ತವೆ. ಹೆಪ್ಪಿನ ಅಂಚು ಹಿಂದೆ ಎಲ್ಲಿತ್ತೆಂದು ತಿಳಿಯಬೇಕಾದ ವಿಜ್ಞಾನಿಗಳು ತಿಮಿಂಗಿಲದ ಹಡಗುಗಳ ದಿನಚರಿಗಳನ್ನೇ ತಿರುವಿ ನೋಡುತ್ತಾರೆ. 1979ರಿಂದ ಉಪಗ್ರಹಗಳು ಅಳೆಯುತ್ತಿರುವ ಲೆಕ್ಕದಲ್ಲಿ ಉತ್ತರದ ಹೆಪ್ಪು ಕುಗ್ಗುತ್ತಲೇ ಬಂದು, 2012ರ ಸೆಪ್ಟೆಂಬರಿನಲ್ಲಿ ಸುಮಾರು 34 ಲಕ್ಷ ಚದರ ಕಿಲೋಮೀಟರಿಗೆ ಇಳಿಯಿತು. ಸ್ಕೋರ್ಸ್ಬಿಯವರು ಹಾಯಿ ಹಾಕಿ ತಿರುಗಿದ ಸ್ಪಿಟ್ಸ್‌ಬರ್ಗನ್ನಿನಲ್ಲಿಯೇ ನಮ್ಮ ದೇಶದವರು 2008ರಲ್ಲಿ ಹಿಮಾದ್ರಿ ಎಂಬ ಸಂಶೋಧನಾಲಯವನ್ನು ತೆರೆದಿದ್ದಾರೆ. ತಿಮಿಂಗಿಲಗಳ ಸಂಗತಿಯು ಮಾತ್ರ ದುಃಖಕರವಾದದ್ದು. ಸ್ಕೋರ್ಸ್ಬಿಯವರೂ ಅವರಂಥ ನೂರಾರು ಅಧಿಪತಿಗಳೂ ನಡಿಸಿದ ಬೇಟೆಯಿಂದ ಅವು ಆ ಸಮುದ್ರದಲ್ಲಿ ಬಹುಮಟ್ಟಿಗೆ ನಿರ್ನಾಮವಾದವು; ಬೇಟೆ ನಿಂತು ಇಷ್ಟು ಕಾಲವಾದ ಮೇಲೂ, ಹೆಪ್ಪಿನ ಸಂದುಗಳಲ್ಲಿ ಅವು ಕೆಲವು ನೂರರಷ್ಟು ಮಾತ್ರ ಇವೆ.