ಒಮರ್ ಬರೆದ ಹದಿನೈದು ಪುಟ

ಡಿಸಿಯಿಂದ ಚಾರ್ಲ್‌ಸ್ಟನ್ನಿಗೆ ಕಾರಿನಲ್ಲಿ ಹೊರಟರೆ ಐ-95ರ ದಾರಿಯಲ್ಲಿ ಫಯೆಟ್‌ವಿಲ್ ಸಿಗುತ್ತೆ. ನಾವೆಲ್ಲ ಅಲ್ಲಿ ಗ್ಯಾಸ್ ಹಾಕಿಸಿ, ಕಾಫಿ ಕುಡಿದು ಮುಂದೆ ಹೋಗ್ತೀವಿ. 1810ರ ಸುಮಾರಿಗೆ ಈ ಊರಿನ ಜೈಲಿನಲ್ಲಿದ್ದ ಕೈದಿಯೊಬ್ಬರು ಇದ್ದಿಲಿನಿಂದ ಗೋಡೆಯ ಮೇಲೆಲ್ಲ ಬರೆದರಂತೆ. ಅರಬ್ಬಿ ಲಿಪಿ, ಊರಿನವರಿಗೆ ಓದಲು ಬರಲಿಲ್ಲ.

ಅವರು ಒಮರ್ ಇಬ್ನ್ ಸೈದ್. ಹುಟ್ಟಿದ್ದು 1770ರ ಆಸುಪಾಸು, ಸೆನೆಗಲ್ ನದಿ ತೀರದ ಫೂಟಾ ಟೋರೊದಲ್ಲಿ. ಬಿಳಿಯರು ಬರುವವರೆಗೆ ಆಫ್ರಿಕಾದಲ್ಲಿ ಓದುಬರಹವೇ ಇರಲಿಲ್ಲ ಅಂತ ವಸಾಹತುದಾರರು ಕಟ್ಟಿದ ಕಥೆಯನ್ನು ನಾವೂ ಅರ್ಧಂಬರ್ಧ ನಂಬಿದ್ದೆವು. ಒಮರ್ ಗುರುಗಳ ಬಳಿ 25 ವರ್ಷ ಓದಿದವರು! 1807ರಲ್ಲಿ ದಂಡೊಂದು ಬಂದು ಅನೇಕರನ್ನು ಕೊಂದು, ಇವರನ್ನು ಹಿಡಿದು, ಕಡಲ ದಂಡೆಯಲ್ಲಿ ಮಾರಿತು. ಒಂದೂವರೆ ತಿಂಗಳ ಹಡಗಿನ ಪಯಣದ ನಂತರ ಚಾರ್ಲ್‌ಸ್ಟನ್. ಹೊರಗಿನಿಂದ ಗುಲಾಮರನ್ನು ತರುವುದನ್ನು ಅಮೆರಿಕ ನಿಷೇಧಿಸಿದ್ದು 1808ರ ಜನವರಿ 1ಕ್ಕೆ. (ನಮ್ಮ ಯಲ್ಲಾಪುರ, ಹಳಿಯಾಳದ ಸಿದ್ದಿಗಳಲ್ಲಿ ಅನೇಕರ ಹಿರಿಯರನ್ನು ಪೋರ್ಚುಗೀಸರು ಹೀಗೇ ಗೋವಾಕ್ಕೆ ತಂದಿದ್ದರು.)

ಕೊಂಡ ಯಜಮಾನ ಕ್ರೂರಿ. ತಪ್ಪಿಸಿಕೊಂಡು ಫಯೆಟ್‌ವಿಲ್‌ವರೆಗೆ ಬಂದ ಒಮರ್, ಪ್ರಾರ್ಥನೆಗೆಂದು ಚರ್ಚಿನೊಳಗೆ ಹೋದಾಗ ಸಿಕ್ಕಿಬಿದ್ದರು. ಹದಿನಾರು ದಿನ ಜೈಲು. ಆಮೇಲೆ ಜೇಮ್ಸ್ ಓವನ್ ಎಂಬುವರು ಕೊಂಡರು. ಪತ್ರಿಕೆಗಳವರು ಇವರನ್ನು ರಾಜಕುಮಾರ ಮಾಡಿದರು, ಅರಬ್ಬನನ್ನಾಗಿಯೂ ಮಾಡಿದರು. ಇಷ್ಟು ಓದಿದವನು ಕರಿಯನಾಗಿರಲಿಕ್ಕಿಲ್ಲ ಅನ್ನೋ ಲೆಕ್ಕಾಚಾರ!

1831ರಲ್ಲಿ ಒಮರ್ ತಮ್ಮ ಜೀವನವನ್ನು ಅರಬ್ಬಿಯಲ್ಲಿ ಬರೆದರು. ಹದಿನೈದೇ ಪುಟ. ತನ್ನ ಭಾಷೆಯೂ ಅರಬ್ಬಿಯೂ ಬಹುಪಾಲು ಮರೆತುಹೋಗಿದೆ ಎಂದು ಅದರಲ್ಲಿ ಕ್ಷಮೆ ಕೇಳುತ್ತಾರೆ. ಎರಡೇ ವರ್ಷಕ್ಕೆ ಅಮ್ಮನ ಜೊತೆ ಫೋನಿನಲ್ಲಿ ಕನ್ನಡಕ್ಕೆ ತಡಕಾಡೋ ನಮಗೆ ಇದು ಚುರುಕ್ಕೆನ್ನುತ್ತೆ, ನಮ್ಮ ಮರೆವಿಗೆ ಯಾರ ಬಲವಂತವೂ ಇಲ್ಲವಲ್ಲ. ಓವನ್ ಮನೆಯವರು ಹೊಡೆಯಲಿಲ್ಲ, ಊಟ ಬಟ್ಟೆ ಕೊಟ್ಟರು ಎಂದು ಹೊಗಳಿದ್ದಾರೆ. ಆದರೆ ಬರಹ ಶುರುವಾಗುವುದು ಕುರ್‌ಆನಿನ 'ಮುಲ್ಕ್' ಅಧ್ಯಾಯದಿಂದ. ಅದು ಹೇಳೋದು ಒಡೆತನವೆಲ್ಲ ದೇವರದು ಅಂತ. ಹೊಗಳಿಕೆಯನ್ನು ಮಾತ್ರ ನೋಡಿ ಇವರು ಸುಖವಾಗಿದ್ದರು ಅಂದುಬಿಡೋದು ನಮಗೆ ಒಪ್ಪಿಗೆಯಿಲ್ಲ. ಯಜಮಾನನ ಮನೆಯಲ್ಲೇ ಕೂತು ಬರೆಯುವವರು ಇನ್ನು ಹೇಗೆ ಬರೆದಾರು?

ಕ್ರೈಸ್ತರಾಗಿ ದೀಕ್ಷೆ ಪಡೆದಿದ್ದರು. ಒಳಗೆ ಯಾವ ದೇವರಿಗೆ ಕೈಮುಗಿದರೋ, ವಿದ್ವಾಂಸರು ಇನ್ನೂ ವಾದಿಸುತ್ತಿದ್ದಾರೆ. 1864ರಲ್ಲಿ ತೀರಿಕೊಂಡರು, ಗುಲಾಮರಾಗಿಯೇ. ಮರುವರ್ಷ ಗುಲಾಮಗಿರಿ ರದ್ದಾಯಿತು.

ಆ ಪುಟಗಳನ್ನು ಡಿಸಿಯ ಲೈಬ್ರರಿ ಆಫ್ ಕಾಂಗ್ರೆಸ್ 2017ರಲ್ಲಿ ಕೊಂಡು, 2019ರಲ್ಲಿ ಆನ್‌ಲೈನ್‌ಗೆ ಹಾಕಿತು. ಅರಬ್ಬಿ ಬಾರದಿದ್ದರೂ ಒಮ್ಮೆ ತೆರೆದು ಆ ಕೈಬರಹ ನೋಡಿ.